ಕೂದಲ ಮಾತು ಕೇಳುತ್ತಿದ್ದವರು

ಪಕ್ಕದ ಮನೆಯ ದೊಡ್ಡಮ್ಮ ಹೋದ ಸುದ್ದಿ ಬಂದಾಗ ನಾನು ಅಂಗಡಿಯಲ್ಲಿ ಒಬ್ಬರ ತಲೆಗೆ ಮೆಹೆಂದಿ ಹಚ್ಚುತ್ತಿದ್ದೆ. ಕುರ್ಚಿಯಲ್ಲಿದ್ದ ಹೆಂಗಸು ಕನ್ನಡಿಯಲ್ಲೇ ನನ್ನ ಮುಖ ನೋಡಿ, "ಅಯ್ಯೋ ಪಾಪ! ಇನ್ನು ನಮ್ಮ ತಲೆಗಳಿಗೆಲ್ಲ ನೀವೇ ಗತಿ" ಎಂದರು. ಸತ್ತವರ ಸುದ್ದಿಗೆ ಆಡುವ ಮಾತಲ್ಲ ಅದು. ಆದರೆ ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೇ ಹಿತವಾಯಿತು. ಒಂದೇ ಗಳಿಗೆ. ಅಷ್ಟರಲ್ಲಿ ಚೆಟ್ಟಳ್ಳಿಯಿಂದ ಮಗಳ ಫೋನ್ ಬಂತು. ಮಾತೇ ಹೊರಡದಂತೆ ಅಳುತ್ತಿದ್ದಳು. ನನ್ನ ಅಪ್ಪ, ಅಂದರೆ ಅವಳ ಸ್ವಂತ ತಾತ, ತೀರಿಕೊಂಡಾಗಲೂ ಅವಳು ಹೀಗೆ ಅತ್ತವಳಲ್ಲ. ನಾನು ಸತ್ತರೆ ಇವಳು ಇಷ್ಟು ಅಳುತ್ತಾಳೆಯೇ ಎಂದು ಮೆಹೆಂದಿ ಕೈಯಲ್ಲೇ ಫೋನ್ ಹಿಡಿದುಕೊಂಡು ಯೋಚಿಸಿದೆ.

ನನ್ನ ಹೊಟ್ಟೆಕಿಚ್ಚು ಅಷ್ಟು ಹಳೆಯದು. ಆ ಹೆಂಗಸು ಸತ್ತರೂ ಅದು ಸಾಯಲಿಲ್ಲ.

ಮಾದಾಪುರದಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಬೇಕರಿಯ ಮೇಲಿನ ಮಹಡಿ, ಎರಡು ಕುರ್ಚಿ, ಒಂದು ತಲೆ ತೊಳೆಯುವ ಬೇಸಿನ್, ಗೋಡೆಯ ಮೇಲೆ ಫ್ರೇಮ್ ಹಾಕಿಸಿದ ನನ್ನ ಸರ್ಟಿಫಿಕೇಟು. ಮೈಸೂರಿನಲ್ಲಿ ನಿಂತು ಕಲಿತು ಬಂದ ವಿದ್ಯೆ. ನಾನು ಕುಶಾಲನಗರದ ಕಡೆಯವಳು. ಯಜಮಾನರಿಗೆ ಇಲ್ಲಿಯ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಕೆಲಸ ಸಿಕ್ಕಿತೆಂದು ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಈ ಊರಿಗೆ ಬಂದೆ. ನಾವು ಬಾಡಿಗೆಗೆ ಹಿಡಿದ ಮನೆಯ ಪಕ್ಕದ ಮನೆಯಲ್ಲಿ ಅವರಿದ್ದರು. ಎರಡು ಮನೆಯ ನಡುವೆ ಒಂದು ದೊಡ್ಡ ಬೆಣ್ಣೆಹಣ್ಣಿನ ಮರ. ಮರ ಅವರದು. ಹಣ್ಣು ಮಾತ್ರ ಎರಡೂ ಕಡೆ ಬೀಳುತ್ತಿತ್ತು.

ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದು ನೆಲೆಸಿದವರು. ಪಾಪ ಅನ್ನುವಂತೇನೂ ಇರಲಿಲ್ಲ. ತಮ್ಮ, ತಮ್ಮನ ಹೆಂಡತಿ, ಅವರ ಮಕ್ಕಳು, ಹಟ್ಟಿಯ ಹಸು, ಕಣದ ಕಾಫಿ ಎಲ್ಲವೂ ಅವರ ಮಾತಿಗೆ ಕಾಯುತ್ತಿದ್ದವು. ಕುಳ್ಳಗಿದ್ದರು. ತಲೆಗೆ ಸದಾ ಒಂದು ಬಿಳಿ ವಸ್ತ್ರ ಬಿಗಿದಿರುತ್ತಿದ್ದರು. ಅಂಗೈ ಮಾತ್ರ ಆಳಿಗೆ ಮೀರಿದ ಅಗಲ. ಮೆಂತ್ಯದ ವಾಸನೆ ಮೊದಲು ಬರುತ್ತಿತ್ತು, ಆಮೇಲೆ ಅವರು ಬರುತ್ತಿದ್ದರು. ಮನೆಯಲ್ಲಿ ಆಡುವುದು ಅರೆಭಾಷೆ, ಈ ಕಡೆಯ ಗೌಡರ ಮನೆಮಾತು. ನನ್ನ ಹತ್ತಿರ ಮಾತಾಡುವಾಗ ಅರ್ಧ ಅದು, ಅರ್ಧ ನಮ್ಮ ಕನ್ನಡ. ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ. ಮಗಳು ಅಜ್ಜಿ ಎನ್ನುತ್ತಿದ್ದಳು.

ಊರಿನ ಹೆಂಗಸರು ಒಣಗಿದ ಕೂದಲಿಗೆ ಅವರ ಹತ್ತಿರ ಹೋಗುತ್ತಿದ್ದರು. ನನ್ನ ಅಂಗಡಿಯ ಕೆಳಗೇ ನಡೆದುಕೊಂಡು ಹೋಗುತ್ತಿದ್ದರು! ಅವರಿಗೆ ಯಾವ ಬೋರ್ಡೂ ಇರಲಿಲ್ಲ. ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಸುಮ್ಮನೆ ಮಾಡುವವರ ಜೊತೆ ಪೈಪೋಟಿ ಮಾಡುವುದಾದರೂ ಹೇಗೆ? ನೀವೇ ಹೇಳಿ.

ಅವರ ಪದ್ಧತಿ ವಿಚಿತ್ರವಾಗಿತ್ತು. ಯಾರೇ ಬರಲಿ, ಮೊದಲು ಹಿಂದಿನಿಂದ ಒಂದು ಎಳೆ ಕೂದಲನ್ನು ಹಿಡಿದು, ಬಗ್ಗಿ, ತಮ್ಮ ಕಿವಿಯ ಹತ್ತಿರ ತಂದುಕೊಂಡು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜುತ್ತಿದ್ದರು. ಉಜ್ಜಿ ಕೇಳುತ್ತಿದ್ದರು. ಕಣದಲ್ಲಿ ಕಾಫಿ ಒಣಗಿತೋ ಇಲ್ಲವೋ ಎಂದು ಒಂದು ಹಿಡಿ ಹಣ್ಣನ್ನು ಮುಷ್ಟಿಯಲ್ಲಿ ಹಿಡಿದು ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾರಲ್ಲ, ಗಲಗಲ ಅಂದರೆ ಒಣಗಿದೆ ಎಂದು ಲೆಕ್ಕ. ಹೆಂಗಸರ ತಲೆಗೂ ಅವರದು ಅದೇ ಪರೀಕ್ಷೆ. ಒಣಗಿದ ಕೂದಲು ಕರಕರ ಸದ್ದು ಮಾಡುತ್ತದೆ. ಆಗ ಅವರು, "ಮಾತಾಡ್ತಾ ಉಟ್ಟು" ಎನ್ನುತ್ತಿದ್ದರು, ಮಾತಾಡುತ್ತಿದೆ ಎಂದು. ವಾರ ವಾರ ಎಣ್ಣೆಗೆ ಕೂತು, ಕೆಲವು ತಿಂಗಳಾದ ಮೇಲೆ ಕಿವಿಗೆ ಹಿಡಿದರೆ ಸದ್ದಿರುತ್ತಿರಲಿಲ್ಲ. "ಹಾಂ, ಈಗ ಸುಮ್ಮನಾಗುಟ್ಟು, ಹೋಗು" ಎಂದು ಬೆನ್ನಿಗೆ ಒಂದು ತಟ್ಟಿ ಕಳಿಸುತ್ತಿದ್ದರು.

ನನಗೆ ನಗು ಬರುತ್ತಿತ್ತು. ಕೂದಲಿಗೆ ಕಿವಿ ಕೊಟ್ಟು ಕೂರುವುದನ್ನು ಮೈಸೂರಿನಲ್ಲಿ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆ ನಗು ನಿಂತದ್ದು ನನ್ನ ಮಗಳ ತಲೆಯ ವಿಷಯದಲ್ಲಿ.

ಮಗಳದ್ದು ಹುಟ್ಟಿನಿಂದ ಗುಂಗುರು ಕೂದಲು, ನನ್ನ ಹಾಗೆಯೇ. ಹೈಸ್ಕೂಲಿನಲ್ಲಿದ್ದಾಗ ಶಾಲೆಯ ವಾರ್ಷಿಕೋತ್ಸವಕ್ಕೆ ಡಾನ್ಸಿಗೆ ಸೇರಿದ್ದಳು. ನೇರ ಕೂದಲು ಬೇಕು ಅಂತ ಹಟ ಹಿಡಿದಳು. ಹಿಡಿದಳು ಎಂದು ಈಗ ಹೇಳುತ್ತೇನೆ. ನಿಜವಾಗಿ ಅವಳಿಗಿಂತ ನನಗೇ ಆಸೆ. ಅಂಗಡಿಗೆ ಹೊಸದಾಗಿ ತಂದ ಕೂದಲು ನೇರ ಮಾಡುವ ಕ್ರೀಮು ಇತ್ತು, ಯಾರ ತಲೆಯ ಮೇಲಾದರೂ ಹಚ್ಚಿ ನೋಡಬೇಕಿತ್ತು. ಹಚ್ಚಿದೆ. ಗಿರಾಕಿಯೊಬ್ಬರು ಬಂದರೆಂದು ಅವರ ಜೊತೆ ಮಾತಿಗೆ ನಿಂತೆ. ಹೊತ್ತು ಮೀರಿತು. ತೊಳೆದಾಗ ಕೂದಲು ನೇರವಾಗಿತ್ತು, ಡಾನ್ಸೂ ಚೆನ್ನಾಗಿ ಆಯಿತು. ಒಂದು ವಾರಕ್ಕೆ ಅವಳ ತಲೆ ತೆಂಗಿನ ನಾರಾಯಿತು. ಬಾಚಿದರೆ ತುಂಡು ತುಂಡು ಬೀಳುತ್ತಿತ್ತು. ನಾನು ಅಂಗಡಿಯಲ್ಲಿದ್ದ ಕಂಡೀಷನರು, ಸೀರಮ್ಮು ಎಲ್ಲವನ್ನೂ ಸುರಿದೆ. ಅವಳು ಒಂದು ದಿನ ಮನೆಯಲ್ಲಿ ನನ್ನ ಕೈಯನ್ನು ತಳ್ಳಿ, "ಸಾಕಮ್ಮ, ಮುಟ್ಟಬೇಡ" ಎಂದಳು. ಎದ್ದು ಹೊರಗೆ ಹೋದಳು. ಕಿಟಕಿಯಿಂದ ನೋಡುತ್ತೇನೆ, ಬೆಣ್ಣೆಹಣ್ಣಿನ ಮರದ ಆ ಕಡೆ, ಕಣದ ಅಂಚಿನಲ್ಲಿ, ಅವರ ಮುಂದೆ ಬೆನ್ನು ಹಾಕಿ ಕೂತಿದ್ದಾಳೆ. ಅವರು ಕೂದಲನ್ನು ಕಿವಿಗೆ ಹಿಡಿದಿದ್ದಾರೆ.

ಅವತ್ತು ನಾನು ಪಟ್ಟ ಸಂಕಟ ಇಂದಿಗೂ ನೆನಪಿದೆ. ಊರಿನವರ ತಲೆಯೆಲ್ಲ ನನ್ನ ಕೈಯಲ್ಲಿ, ಹೆತ್ತ ಮಗಳ ತಲೆ ಪಕ್ಕದ ಮನೆಯವರ ಮಡಿಲಲ್ಲಿ.

ಸಂಜೆ ಅವರೇ ಬೇಲಿಯ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ವಾಸಿಯಿತ್ತು, ತಿರುಗಿಸಿ ನಾಲ್ಕು ಮಾತು ನಾನೂ ಆಡುತ್ತಿದ್ದೆ.

"ಸುಟ್ಟದ್ದು ಸರಿಯಾಗುಲೆ ಮಗಾ" ಎಂದರು. "ಹೊಸತು ಬೆಳೀಲಿ. ಅಲ್ಲೀವರೆಗೆ ಹಳತನ್ನ ಮೆತ್ತಗೆ ಇಟ್ಕೊಳ್ಳುವ. ತಿಂಗ್ಳಿಗೆ ಒಂದ್ಸಲ ತುದಿ ಕತ್ತರಿಸ್ಬೇಕು. ಅದಕ್ಕೆ ನಿನ್ನ ಹತ್ರ ಕಳಿಸ್ತೇನೆ. ನಿನ್ನ ಕತ್ತರಿ ಒಳ್ಳೇದುಟ್ಟು."

ಕೇಳಿದಿರಾ? ಎಣ್ಣೆ ಅವರದು, ಕತ್ತರಿ ನನ್ನದು. ಎರಡು ವರ್ಷ ಹೀಗೇ ನಡೆಯಿತು. ಭಾನುವಾರ ಭಾನುವಾರ ಅವಳು ಅಲ್ಲಿ ಹೋಗಿ ಕೂರುವಳು. ತಿಂಗಳಿಗೊಮ್ಮೆ ನನ್ನ ಕುರ್ಚಿಯಲ್ಲಿ ಬಂದು ಕೂತು ಅರ್ಧ ಇಂಚು ಕತ್ತರಿಸಿಕೊಂಡು ಎದ್ದು ಹೋಗುವಳು, ಬೇರೆ ಗಿರಾಕಿಗಳ ಹಾಗೆ.

ನಾನು ಕಿಟಕಿಯ ಪರದೆಯ ಹಿಂದೆ ನಿಂತು ಎಲ್ಲವನ್ನೂ ನೋಡಿಕೊಂಡೆ. ನಾಚಿಕೆಯಿಲ್ಲದೆ ನೋಡಿಕೊಂಡೆ. ತೆಂಗಿನೆಣ್ಣೆಗೆ ಒಂದು ಚಮಚ ಹರಳೆಣ್ಣೆ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡುವುದು, ಒಲೆಯ ಮೇಲೆ ನೇರ ಇಡುವುದಿಲ್ಲ. ಬುಡಕ್ಕೆ ಬೆರಳ ತುದಿಯಷ್ಟು, ಕೂದಲ ತುದಿಗೆ ಅಂಗೈ ತುಂಬ. ಮುಂದಿನ ವಾರ ಮೆಂತ್ಯ. ನೆನೆಸಿ ನುಣ್ಣಗೆ ಅರೆದು ಮೊಸರಲ್ಲಿ ಕಲಸಿದ್ದು. ಅದರ ಮುಂದಿನ ವಾರ ಬೇಲಿಯ ಕೆಂಪು ದಾಸವಾಳದ ಸೊಪ್ಪು. ಅದನ್ನು ರುಬ್ಬುವುದಿಲ್ಲ. ನೀರಿನಲ್ಲಿ ಹಾಕಿ ಕೈಯಲ್ಲೇ ಕಿವುಚಿ ಕಿವುಚಿ ಲೋಳೆ ಬಿಡಿಸಿ, ಸೋಸಿ, ಅದರಲ್ಲೇ ತಲೆ ತೊಳೆಯುವುದು. ಬೆಣ್ಣೆಹಣ್ಣಿನ ಕಾಲದಲ್ಲಿ ಬೆಣ್ಣೆಹಣ್ಣು, ತೆಂಗಿನ ಹಾಲಿನ ಜೊತೆ. ಕೊನೆಗೆ ಅಕ್ಕಿ ತೊಳೆದ ನೀರು. ಒರೆಸಲು ಟವೆಲಿಲ್ಲ, ತಮ್ಮನ ಹಳೆಯ ಪಂಚೆ. ಯಾರಾದರೂ ಗಸಗಸ ಉಜ್ಜಿದರೆ ಕೈ ಮೇಲೆ ಒಂದು ಏಟು. "ತಲೆ ಅದು. ನೆಲ ಅಲ್ಲ ಒರೆಸ್ಲಿಕ್ಕೆ."

ಇನ್ನೊಂದು ಮಾತು ಇತ್ತು ಅವರದು. ಅರ್ಧಕ್ಕೇ ಯಾರಾದರೂ "ಇನ್ನೆಷ್ಟು ಹೊತ್ತು?" ಎಂದರೆ, ಎಣ್ಣೆ ಬಟ್ಟಲನ್ನು ಕೆಳಗಿಟ್ಟು ಕೈ ಕಟ್ಟಿ ಕೂರುತ್ತಿದ್ದರು. "ಎಣ್ಣೆಗೆ ಕೂತವಳು ಹೊತ್ತು ಕೇಳ್ಬಾರ್ದು. ಕೇಳ್ದರೆ ಎದ್ದು ಹೋಗು." ಯಾರೂ ಎದ್ದು ಹೋಗುತ್ತಿರಲಿಲ್ಲ. ತೋಟದ ಸಾಹುಕಾರರ ಹೆಂಡತಿಯೂ ಹೋಗಲಿಲ್ಲ. ನನ್ನ ಅಂಗಡಿಯಲ್ಲಿ ಅದೇ ಹೆಂಗಸು ಐದು ನಿಮಿಷಕ್ಕೊಮ್ಮೆ ಗಡಿಯಾರ ನೋಡುವವರು.

ನೋಡಿ ಕಲಿತದ್ದನ್ನು ನಾನು ಅಂಗಡಿಗೆ ತಂದೆ. ಕದ್ದೆ ಎನ್ನಿ, ಬೇಸರವಿಲ್ಲ. "ಒಣ ಕೂದಲಿಗೆ ಪ್ರಕೃತಿ ಚಿಕಿತ್ಸೆ" ಎಂದು ಬರೆಸಿ ಮೆಟ್ಟಿಲ ಹತ್ತಿರ ಅಂಟಿಸಿದೆ. ಮೊದಲ ಗಿರಾಕಿ ಸೋಮವಾರಪೇಟೆಯಿಂದ ಬಂದಿದ್ದ ಒಬ್ಬ ಟೀಚರು. ನಮ್ಮ ಕಡೆ ಬಿದ್ದಿದ್ದ ಬೆಣ್ಣೆಹಣ್ಣನ್ನು ಮಿಕ್ಸಿಗೆ ಹಾಕಿ ತಿರುಗಿಸಿ ತಲೆಗೆ ಮೆತ್ತಿದೆ. ತೊಳೆದೆ. ಮತ್ತೆ ತೊಳೆದೆ. ಬಿಸಿನೀರು ಹಾಕಿ ತೊಳೆದೆ. ಹಸಿರು ಚೂರುಗಳು ಕೂದಲಿಗೆ ಕಚ್ಚಿಕೊಂಡು ಹೋಗಲೇ ಇಲ್ಲ. ಆ ಟೀಚರು ಅಲ್ಲಿಂದ ನೇರ ನಾದಿನಿಯ ಸೀಮಂತಕ್ಕೆ ಹೋಗಬೇಕಿತ್ತು. "ತಲೆಗೆ ಚಟ್ನಿ ಹಾಕ್ಕೊಂಡು ಹೋಗ್ಲೇನ್ರೀ ನಾನು?" ಎಂದು ಕೂಗಾಡಿದರು. ಬೇಕರಿಯವರೆಲ್ಲ ಮೇಲೆ ನೋಡಿದರು.

ಬಟ್ಟೆಯಲ್ಲಿ ಹಿಂಡಬೇಕಿತ್ತು. ಹಣ್ಣಿನ ಸಿಪ್ಪೆ ಪೂರ್ತಿ ಕಪ್ಪಾಗುವವರೆಗೆ ಕಾಯಬೇಕಿತ್ತು, ತಣ್ಣೀರಿನಲ್ಲೇ ಬಿಡಿಸಬೇಕಿತ್ತು. ಪರದೆಯ ಹಿಂದಿನಿಂದ ಅಷ್ಟೆಲ್ಲ ಕಾಣುವುದಿಲ್ಲ.

ಹಿಂಡುವುದನ್ನೂ ಕಲಿತೆ. ದಾಸವಾಳ, ಮೆಂತ್ಯ, ಅಕ್ಕಿ ನೀರು, ಒಂದೂ ಬಿಡದೆ ಮಾಡಿದೆ. ಆದರೂ ನನ್ನ ಅಂಗಡಿಯಲ್ಲಿ ತೊಳೆದ ತಲೆ ಒಣಗಿದ ಮೇಲೆ ಪೊರಕೆಯಂತೆ ನಿಲ್ಲುತ್ತಿತ್ತು. ಅವರ ಕಣದಲ್ಲಿ ಎದ್ದವರ ಜಡೆ ಬೆನ್ನಿನ ಮೇಲೆ ಜಾರುತ್ತಿತ್ತು. ಏನೋ ಬೇರು, ಏನೋ ಸೊಪ್ಪು ಗುಟ್ಟಾಗಿ ಸೇರಿಸುತ್ತಾರೆ, ಮುದುಕಿ ಬಲು ಪಾಕಡಾ ಎಂದು ಗಂಡನ ಮುಂದೆ ಬಾಯಿಗೆ ಬಂದಂತೆ ಅಂದೆ.

ಆಮೇಲೆ ಒಂದು ದಿನ ಅವರು ನನ್ನ ಅಂಗಡಿಗೇ ಬಂದರು. ಅದೇ ಮೊದಲು, ಅದೇ ಕೊನೆ. ಮೆಟ್ಟಿಲು ಹತ್ತಿ ಉಸಿರು ಬಿಡುತ್ತಾ ನಿಂತರು. ಎರಡು ಕುರ್ಚಿಯಲ್ಲೂ ಜನ. ಗೋಡೆಯ ಸರ್ಟಿಫಿಕೇಟನ್ನು ನಿಧಾನಕ್ಕೆ ಓದಿ ತಲೆಯಾಡಿಸಿದರು. ಬೇಸಿನ್ನಿನ ನಲ್ಲಿ ತಿರುಗಿಸಿ, ಅಲ್ಲಿದ್ದ ಸೋಪನ್ನು ಅಂಗೈಯಲ್ಲಿ ಉಜ್ಜಿದರು. ನೊರೆ ಬರಲಿಲ್ಲ. ಮತ್ತೆ ಉಜ್ಜಿದರು. ಬೆರಳಿನಲ್ಲಿ ನೀರು ಮುಟ್ಟಿ ನಾಲಿಗೆಗೆ ಇಟ್ಟುಕೊಂಡರು.

"ಇದು ಬೋರ್‌ವೆಲ್ ನೀರಾ ಮಗಾ?"

"ಹೌದು. ಯಾಕೆ?"

"ಗಡಸು ಉಟ್ಟು. ಈ ನೀರಲ್ಲಿ ನೀನು ಎಂತ ಮಾಡ್ದರೂ ಕೂದಲು ಒಣಗ್ತದೆ. ಎಲ್ಲ ಸರಿಯಾಗೇ ಮಾಡ್ತಾ ಇದ್ದಿ. ನೀರು ಬದಲಿಸು."

ಇಬ್ಬರು ಗಿರಾಕಿಗಳ ಮುಂದೆ! ನನಗೆ ಮೈಯೆಲ್ಲ ಉರಿದುಹೋಯಿತು. "ದೊಡ್ಡಮ್ಮ, ನಿಮ್ಮ ಕಣಕ್ಕೆ ಬಂದು ನಾನೇನಾದರೂ ಹೇಳಿದ್ದೇನಾ? ನನ್ನ ಅಂಗಡಿಯ ನೀರಿನ ಉಸಾಬರಿ ನಿಮಗೆ ಯಾಕೆ?" ಎಂದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು. "ನೀ ಹೇಳಿದ್ರೂ ನಾನು ಕೇಳ್ತಿದ್ದೆ" ಎಂದಷ್ಟೇ ಹೇಳಿ ಕಂಬಿ ಹಿಡಿದು ಮೆಟ್ಟಿಲಿಳಿದರು. ಹೋಗುವಾಗ ನನ್ನ ಗಂಟು ಹಾಕಿದ ಕೂದಲಿನ ಕಡೆ ನೋಡಿ, "ನಿನ್ನ ತಲೆ ಒಮ್ಮೆ ನನಗೆ ಕೊಡು ನೋಡುವ" ಎಂದರು. ನಾನು ಕುರ್ಚಿಯಲ್ಲಿದ್ದವರ ಕಡೆ ತಿರುಗಿಕೊಂಡೆ.

ಅವರು ಹೇಳಿದ್ದು ನಿಜವಿತ್ತು. ನಾಲ್ಕಾರು ದಿನ ಬಿಗುಮಾನದಲ್ಲಿ ಕೂತೆ. ಆಮೇಲೆ ತಡೆಯಲಾರದೆ, ಮಳೆ ಬರುವಾಗ ಒಂದು ಬಕೆಟ್ ಸೂರಿನ ಕೆಳಗಿಟ್ಟು ಆ ನೀರಲ್ಲಿ ನನ್ನದೇ ಕೈ ತೊಳೆದು ನೋಡಿದೆ. ನೊರೆಯೋ ನೊರೆ. ಈ ಕೊಡಗಿನಲ್ಲಿ ಆಕಾಶವೇ ಹರಿದು ಸುರಿಯುತ್ತದೆ, ನಾನು ನೆಲ ಕೊರೆದ ನೀರಲ್ಲಿ ಜನರ ತಲೆ ತೊಳೆಯುತ್ತಿದ್ದೆ. ಅವರ ಮನೆಗೆ ಬರುವುದು ಗುಡ್ಡದಿಂದ ಹರಿದು ಬರುವ ತೋಡಿನ ನೀರು. ಗುಟ್ಟು ಎಂದು ನಾನು ಹುಡುಕಿದ ಬೇರೂ ಇಲ್ಲ, ಸೊಪ್ಪೂ ಇಲ್ಲ. ತಗಡಿನ ಮಾಡಿನಿಂದ ಒಂದು ಪೈಪು ಇಳಿಸಿ ಡ್ರಮ್ಮಿಗೆ ಕೊಟ್ಟೆ. ಮಳೆಗಾಲ ಮುಗಿದ ಮೇಲೆ ಕುಡಿಯುವ ನೀರಿನ ನಲ್ಲಿಯಿಂದ ಕೊಡ ಹೊತ್ತು ತಂದೆ. ಗಿರಾಕಿಗಳು ಮೆಚ್ಚಿದರು. "ಒಳ್ಳೆ ಐಡಿಯಾ ರೀ, ನಿಮ್ಮದೇನಾ?" ಎಂದರು. "ಹೂಂ, ನನ್ನದೇ" ಎಂದೆ. ದೊಡ್ಡಮ್ಮ ದಾರಿಯಲ್ಲಿ ಹೋಗುವಾಗ ಡ್ರಮ್ಮನ್ನು ನೋಡಿದರು. "ಲಾಯ್ಕ ಆಗುಟ್ಟು" ಎಂದು ಕೆಳಗಿನಿಂದಲೇ ಕೂಗಿ ಹೇಳಿ ಹೋದರು. ನಾನು ಹೇಳಿದ್ದಲ್ಲವಾ ಎಂದು ಒಂದು ಸಲವಾದರೂ ಚುಚ್ಚಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಚುಚ್ಚಲಿಲ್ಲ. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ.

ಅಷ್ಟರಲ್ಲಿ ಮಗಳ ಕೂದಲು ಸುಮ್ಮನಾಗಿತ್ತು. ಗುಂಗುರು ಗುಂಗುರಾಗಿ, ಕಪ್ಪಗೆ, ಸೊಂಟದವರೆಗೆ ಬಂತು. ಬೇರೆಯವರು ನೋಡಿ, "ಅಮ್ಮನದೇ ಪಾರ್ಲರ್ ಅಲ್ವಾ, ಮತ್ತೇನು!" ಎನ್ನುತ್ತಿದ್ದರು. ಅವಳು ತಕ್ಷಣ, "ಅಮ್ಮ ಅಲ್ಲ, ಅಜ್ಜಿ" ಎನ್ನುತ್ತಿದ್ದಳು. ಸರಿಯಾದ ಮೇಲೂ ಭಾನುವಾರ ತಪ್ಪಿಸಲಿಲ್ಲ. ಅವರ ಜೊತೆ ಅರೆಭಾಷೆಯಲ್ಲೇ ಹರಟುತ್ತಿದ್ದಳು, ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಕಾಲೇಜಿನ ಸಂಗತಿ, ಗೆಳತಿಯರ ಜಗಳ, ಕೊನೆಗೆ ಚೆಟ್ಟಳ್ಳಿಯ ಹುಡುಗನ ವಿಷಯ, ಎಲ್ಲವೂ ಮೊದಲು ಅವರಿಗೆ ಗೊತ್ತಾಗಿ ಆಮೇಲೆ ನನಗೆ. ಬೆನ್ನು ತಿರುಗಿಸಿ ಕೂತಾಗ ಬಾಯಿ ಬಿಚ್ಚುವುದು ಸುಲಭವೇನೋ. ನನ್ನ ಮುಂದೆ ಅವಳು ಯಾವಾಗಲೂ ಕನ್ನಡಿಗೆ ಎದುರಾಗಿ ಕೂತಿರುತ್ತಿದ್ದಳು, ನನ್ನ ಮುಖ ಅವಳಿಗೆ ಕಾಣುತ್ತಿತ್ತು.

ಈಗ ಹೇಳಬೇಕಾದದ್ದಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತು ಬಳಸಿದ್ದು ಇದಕ್ಕೇ.

ನಮ್ಮಲ್ಲಿ ಮದುವೆಯ ಹಿಂದಿನ ದಿನ ಹೆಣ್ಣಿಗೆ ಎಣ್ಣೆ ಅರಿಶಿನ ಇಡುವ ಶಾಸ್ತ್ರವಿದೆ. ಐವರು ಮುತ್ತೈದೆಯರು ಗರಿಕೆಯಲ್ಲಿ ಎಣ್ಣೆ ಅದ್ದಿ ತಲೆಗೆ ಮುಟ್ಟಿಸುತ್ತಾರೆ. ಮಗಳು ವಾರದ ಮೊದಲೇ ಹೇಳಿಬಿಟ್ಟಿದ್ದಳು: "ಮೊದಲನೇ ಎಣ್ಣೆ ಅಜ್ಜೀದು." ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಆ ದಿನ ಬೆಳಿಗ್ಗೆ ಅವರು ಬಂದರು. ತಲೆಗೆ ಹೊಸ ವಸ್ತ್ರ ಕಟ್ಟಿಕೊಂಡಿದ್ದರು. ಕೈಯಲ್ಲಿ ಹಿತ್ತಾಳೆಯ ಬಟ್ಟಲು. ದಾಸವಾಳದ ಹೂ ಹಾಕಿ ಮೂರು ದಿನ ಬಿಸಿಲಿಗಿಟ್ಟು ಇಳಿಸಿದ ಎಣ್ಣೆ. ಮಗಳು ಮಣೆಯ ಮೇಲೆ ಕೂತಿದ್ದಳು, ಅವರನ್ನು ಕಂಡು ಮುಖ ಅರಳಿತು. ಆ ಅರಳಿದ ಮುಖ ಕಂಡದ್ದೇ ನನ್ನೊಳಗೆ ಏನೋ ಹೊತ್ತಿಕೊಂಡಿತು.

"ದೊಡ್ಡಮ್ಮ, ತಪ್ಪು ತಿಳ್ಕೋಬೇಡಿ. ಮುತ್ತೈದೆಯರೇ ಇಡಬೇಕಂತೆ. ಶಾಸ್ತ್ರ ನೋಡಿ" ಎಂದೆ. ಎಲ್ಲರಿಗೂ ಕೇಳಿಸುವ ಹಾಗೆ.

ಶಾಸ್ತ್ರ! ಆ ಮಾತನ್ನು ಆಡಿದವಳು ಯಾರು ಗೊತ್ತೇ? ನನ್ನ ಮದುವೆಯಲ್ಲಿ, ವಿಧವೆಯಾಗಿದ್ದ ನನ್ನ ಅಜ್ಜಿಯನ್ನು, ನನ್ನನ್ನು ಸಾಕಿ ಬೆಳೆಸಿದವಳನ್ನು, ಹಿಂದಿನ ಕೋಣೆಯಲ್ಲಿ ಕೂರಿಸಿದರೆಂದು ಹಸೆಯ ಮೇಲೆ ಕೂತು ಅತ್ತವಳು. ಇಂಥ ಶಾಸ್ತ್ರಕ್ಕೆ ಬೆಂಕಿ ಬೀಳಲಿ ಎಂದವಳು. ಅವತ್ತು ಅದೇ ಶಾಸ್ತ್ರ ನನಗೆ ಬೇಕಾಯಿತು. ಬೇರೆಯವರ ಕೈಯನ್ನು ನನ್ನ ಮಗಳ ತಲೆಯಿಂದ ತೆಗೆಸಲು ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ.

ಅವರು ಬಟ್ಟಲನ್ನು ಮಣೆಯ ಪಕ್ಕದಲ್ಲಿಟ್ಟರು. "ಹೌದಲ್ಲ. ನನಗೇ ಮರ್ತು ಹೋಗಿತ್ತು" ಎಂದರು. ಮರೆಯುವವರಲ್ಲ ಅವರು. "ಗೂಡೆ, ಅಲ್ಲಾಡದೆ ಕೂತ್ಕೋ" ಎಂದು ಮಗಳಿಗೆ ಹೇಳಿ ಒಳಗೆ ಹೋದರು. ಅವರಿಗೆ ಅವಳು ಯಾವಾಗಲೂ ಗೂಡೆ, ಅಂದರೆ ಹುಡುಗಿ. ಅಡಿಗೆಮನೆಯಲ್ಲಿ ಈಳಿಗೆ ಮುಂದೆ ಕೂತು ಸೌತೆಕಾಯಿ ಹೆಚ್ಚತೊಡಗಿದರು. ಸದ್ದು ಹೊರಗೆ ಕೇಳಿಸುತ್ತಿತ್ತು.

ಮೊದಲನೇ ಎಣ್ಣೆ ನಾನಿಟ್ಟೆ. ಗರಿಕೆ ಸಾಲದೆಂದು ಅಂಗೈಯಲ್ಲೇ ಸುರಿದುಕೊಂಡು ತಲೆಗೆ ಹಾಕಿದೆ. ಎಷ್ಟೋ ವರ್ಷಗಳ ಮೇಲೆ ಅವಳ ತಲೆ ಪೂರ್ತಿ ನನ್ನ ಕೈಗೆ ಸಿಕ್ಕಿತ್ತು. ಎಡಗಿವಿಯ ಹಿಂದೆ ಬೆರಳಿಗೆ ಏನೋ ತಗುಲಿತು. ಒಂದು ಹಳೆಯ ಗಾಯದ ಗುರುತು, ಕಡಲೆ ಗಾತ್ರದ್ದು. ನನಗೆ ಗೊತ್ತೇ ಇರಲಿಲ್ಲ.

"ಇದೇನೇ? ಯಾವಾಗ ಆಯ್ತು?"

"ಹೈಸ್ಕೂಲಲ್ಲಿ ಬಿದ್ದಿದ್ದು" ಎಂದಳು ಮಗಳು, ತಿರುಗದೆ. "ಅಜ್ಜಿ ಅಲ್ಲಿ ಒತ್ತಲ್ಲ."

ನೂರಾರು ತಲೆ ಮುಟ್ಟಿದ ಈ ಕೈಗೆ ಹೆತ್ತ ಮಗಳ ತಲೆಯ ಪರಿಚಯವಿರಲಿಲ್ಲ. ಉಳಿದ ನಾಲ್ವರು ಮುತ್ತೈದೆಯರು ಎಣ್ಣೆ ಇಟ್ಟರು, ಹಾಡು ಹೇಳಿದರು, ನಾನು ನಗುನಗುತ್ತಾ ಕಾಫಿ ಹಂಚಿದೆ. ಮಗಳು ಮಾತ್ರ ಇಡೀ ಹೊತ್ತು ಅಡಿಗೆಮನೆಯ ಬಾಗಿಲ ಕಡೆ ನೋಡುತ್ತಿದ್ದಳು.

ಮದುವೆಯಾಗಿ ಚೆಟ್ಟಳ್ಳಿಗೆ ಹೋದಳು. ಬಂದಾಗಲೆಲ್ಲ ಮೊದಲು ಮರದ ಆ ಕಡೆಗೆ, ಆಮೇಲೆ ನನ್ನ ಮನೆಗೆ. ತುದಿ ಕತ್ತರಿಸಿಕೊಳ್ಳಲೂ ನನ್ನ ಹತ್ತಿರ ಕೂರಲಿಲ್ಲ. "ಚೆಟ್ಟಳ್ಳೀಲೇ ಕತ್ತರಿಸಿಕೊಂಡೆ ಅಮ್ಮ" ಎನ್ನುವಳು. ಜಗಳವಾಡಲಿಲ್ಲ. ಜಗಳಕ್ಕೂ ಒಂದು ಸಲಿಗೆ ಬೇಕು.

ಅವರು ಮಾತ್ರ ಏನೂ ಆಗಿಲ್ಲವೆಂಬಂತೆ ಇದ್ದರು. ಕಪ್ಪಾದ ಬೆಣ್ಣೆಹಣ್ಣನ್ನು ಆರಿಸಿ ಬೇಲಿಯ ಮೇಲಿಂದ ಕೊಡುತ್ತಿದ್ದರು. ಕೊಟ್ಟು, ಒಂದು ಗಳಿಗೆ ನಿಂತು, "ನಿನ್ನ ತಲೆ ಒಮ್ಮೆ ಕೊಡು" ಎನ್ನುತ್ತಿದ್ದರು. "ಪುರುಸೊತ್ತಿಲ್ಲ ದೊಡ್ಡಮ್ಮ" ಎನ್ನುತ್ತಿದ್ದೆ. ಪುರುಸೊತ್ತಿತ್ತು. ಅವರಿಗೆ ಬೆನ್ನು ಹಾಕಿ ಕೂತರೆ ನಾನೂ ಬಾಯಿ ಬಿಟ್ಟೇನೆಂಬ ಹೆದರಿಕೆ. ತಪ್ಪಾಯಿತು ಎನ್ನುವ ಎರಡು ಶಬ್ದ ನಾಲಿಗೆ ತುದಿಗೆ ಬಂದು ಎಷ್ಟು ಸಲ ಹಿಂದೆ ಹೋಯಿತೋ. ನಾಳೆ ಹೇಳಿದರಾಯಿತು ಎಂದುಕೊಂಡೆ. ಈ ಸಲದ ಆಷಾಢದ ಮಳೆಯಲ್ಲಿ ಜ್ವರ ಬಂದು ಮಲಗಿದರು, ನಾಲ್ಕೇ ದಿನ.

ತಿಥಿಯ ದಿನ ಮಗಳು ಬಂದಳು. ಊಟವಾದ ಮೇಲೆ ಅವರ ತಮ್ಮನ ಹೆಂಡತಿ ಆ ಹಿತ್ತಾಳೆ ಬಟ್ಟಲನ್ನೂ ಮರದ ಬಾಚಣಿಗೆಯನ್ನೂ ತಂದು ಮಗಳ ಕೈಯಲ್ಲಿಟ್ಟರು. "ಅತ್ತಿಗೆ ಹೇಳಿದ್ರು, ಇದು ನಿಂಗೆ ಅಂತ." ನಾನು ಪಕ್ಕದಲ್ಲೇ ನಿಂತಿದ್ದೆ. ವಿದ್ಯೆ ಇರುವವಳು ನಾನು, ಅಂಗಡಿ ಇರುವವಳು ನಾನು. ಬಟ್ಟಲು ಅವಳಿಗೆ. ಆ ಹೊತ್ತಿಗೂ ನನಗೆ ಹಾಗೇ ಅನಿಸಿತು, ಏನು ಮಾಡಲಿ.

ಮನೆಗೆ ಬಂದೆವು. ಮಳೆ ಸ್ವಲ್ಪ ಬಿಟ್ಟಿತ್ತು. ಮಗಳು ಜಗಲಿಯ ಮೇಲೆ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ತಳದಲ್ಲಿ ಇನ್ನೂ ನಾಲ್ಕು ಚಮಚ ಎಣ್ಣೆಯಿತ್ತು.

"ಅದು ಶಾಸ್ತ್ರ ಅಲ್ಲ ಕಣೇ" ಎಂದೆ. ಬಾಯಿಂದ ತಾನಾಗಿ ಬಂತು. "ನಿನ್ನ ಮದುವೇಲಿ ನಾನು ಅವರನ್ನ ಒಳಗೆ ಕಳಿಸಿದ್ದು. ಶಾಸ್ತ್ರ ಗೀಸ್ತ್ರ ಏನೂ ಅಲ್ಲ. ನನಗೆ ಹೊಟ್ಟೆಕಿಚ್ಚು."

"ಗೊತ್ತು."

"ಅವರಿಗೆ?"

"ಅವತ್ತೇ ಗೊತ್ತಿತ್ತು. ನಾನು ನಿನ್ನ ಬೈದೆ ಅವರ ಹತ್ರ. ನನಗೇ ಬೈದರು. ನಿನ್ನಮ್ಮನ ತಲೆಗೆ ಯಾರೂ ಎಣ್ಣೆ ಹಾಕಿಲ್ಲ, ಅವಳು ಬರೀ ಬೇರೆಯವರ ತಲೆ ನೋಡಿಕೊಂಡು ನಿಂತಿದ್ದಾಳೆ, ಕಾಲು ನೋಯ್ತದೆ ಅವಳಿಗೆ ಅಂದರು."

ಕಣ್ಣು ಒರೆಸಿಕೊಂಡು, "ಬಾ, ಕೂತ್ಕೋ. ನಾನು ಹಚ್ತೀನಿ. ಕಿವಿಯ ಹಿಂದೆ ಒತ್ತಲ್ಲ" ಎಂದೆ.

"ನಿನಗೆ ಗೊತ್ತಾಗಲ್ಲ" ಎಂದಳು. "ಮೊದಲು ನೀನು ಕೂತ್ಕೋ. ಹೆಂಗೆ ಅಂತ ತೋರಿಸ್ತೀನಿ."

ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಮಗಳಿಗೆ ಬೆನ್ನು ಹಾಕಿ ಕೂತೆ. ಗಂಟು ಬಿಚ್ಚಿದಳು. ಒಂದು ಎಳೆ ತೆಗೆದು, ಬಗ್ಗಿ, ಕಿವಿಯ ಹತ್ತಿರ ಹಿಡಿದು ಉಜ್ಜಿದ್ದು ಗೊತ್ತಾಯಿತು. ನನ್ನ ಕೂದಲ ಸದ್ದು ನನಗೇ ಕೇಳಿಸಿತು.

"ಮಾತಾಡ್ತಾ ಉಟ್ಟಾ?" ಎಂದೆ.

"ಮಾತಾಡೋದಾ? ಕಿರುಚ್ತಾ ಉಟ್ಟು!"

ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಅವಳು ಅತ್ತಳು, ಒಂದೆರಡು ಹನಿ ನನ್ನ ಬೈತಲೆಯ ಮೇಲೆ ಬಿತ್ತು. ಆಮೇಲೆ ಎಣ್ಣೆ. ಬುಡಕ್ಕೆ ಬೆರಳ ತುದಿಯಷ್ಟು, ತುದಿಗೆ ಅಂಗೈ ತುಂಬ. ಕೈ ನನ್ನ ಮಗಳದು, ನಡೆ ಅವರದು. ಎಲ್ಲಿ ನಿಲ್ಲಬೇಕು, ಎಲ್ಲಿ ಹಗುರಾಗಬೇಕು ಎಲ್ಲವೂ ಅವರದೇ. ಇಷ್ಟು ವರ್ಷ ಬೇಲಿಯ ಮೇಲಿಂದ ಕೇಳಿದ್ದನ್ನು ಕೊನೆಗೂ ಪಡೆದುಕೊಂಡರು ಆ ಮುದುಕಿ.

ಸ್ವಲ್ಪ ಹೊತ್ತಾದ ಮೇಲೆ ಕಾಲು ಜೋಮು ಹಿಡಿಯಿತು. ಅಭ್ಯಾಸವಿಲ್ಲ ನನಗೆ. "ಇನ್ನೆಷ್ಟು ಹೊತ್ತೇ?" ಎಂದೆ.

ಬಟ್ಟಲು ಕೆಳಗಿಟ್ಟ ಸದ್ದಾಯಿತು. ಕೈ ತಲೆಯಿಂದ ಹೋಯಿತು.

"ಎಣ್ಣೆಗೆ ಕೂತವಳು ಹೊತ್ತು ಕೇಳ್ಬಾರ್ದು" ಎಂದಳು. ಅದೇ ಧಾಟಿ, ಅದೇ ಗತ್ತು. "ಕೇಳ್ದರೆ ಎದ್ದು ಹೋಗು."

ನನ್ನ ಹೊಟ್ಟೆಯಲ್ಲಿ ಹಳೆಯ ಕಿಚ್ಚು ಮತ್ತೆ ಚುರ್ ಎಂದಿತು. ನಾನು ಏಳಲಿಲ್ಲ.